ಕಂಪ್ಯೂಟರ್ ಆನ್ ಆಗುತ್ತಿಲ್ಲವೇ? ಹೊಸ ಎಸ್‌ಎಂಪಿಎಸ್ ಕೊಳ್ಳುವ ಮುಂಚೆ ಇಷ್ಟು ನೋಡಿ

"ನಿನ್ನೆ ರಾತ್ರಿ ಕರೆಂಟ್ ಹೋಗಿ ಬಂತು. ಬೆಳಿಗ್ಗೆಯಿಂದ ಕಂಪ್ಯೂಟರ್ ಆನ್ ಆಗ್ತಾ ಇಲ್ಲ. ಎಸ್‌ಎಂಪಿಎಸ್ ಹೋಗಿರಬಹುದಾ?" ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಶುರುವಾಯಿತು ಅಂದರೆ ಓದುಗರಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಡಬ್ಬಿ, ಹೋಗಿರಬಹುದು, ನಿಜ. ಆದರೆ ಸಡಿಲವಾದ ಪವರ್ ಕಾರ್ಡ್, ಬ್ಯಾಟರಿ ಸತ್ತ ಯುಪಿಎಸ್, ಕೆಟ್ಟ ಪವರ್ ಬಟನ್, ಜಾಗ ಬಿಟ್ಟು ಸರಿದ ರ‍್ಯಾಮ್ ಇವೆಲ್ಲ ಹೊರಗಿನಿಂದ ನೋಡಿದರೆ ಒಂದೇ ಥರ ಕಾಣುತ್ತವೆ. ಪರೀಕ್ಷೆ ಮಾಡದೆ ಹೊಸದನ್ನು ತಂದರೆ ದುಡ್ಡೂ ಹೋಯಿತು, ತೊಂದರೆಯೂ ಉಳಿಯಿತು. "ನಾಲ್ಕು ಸಲ ಒತ್ತಿದರೆ ಒಂದು ಸಲ ಆನ್ ಆಗುತ್ತೆ, ಸದ್ಯಕ್ಕೆ ನಡೀಲಿ" ಅಂತ ದಿನ ದೂಡುವುದು ಇನ್ನೂ ಕೆಟ್ಟದ್ದು. ಸಾಯುತ್ತಿರುವ ಎಸ್‌ಎಂಪಿಎಸ್ ಹೋಗುವಾಗ ಮದರ್‌ಬೋರ್ಡನ್ನೋ ಹಾರ್ಡ್ ಡಿಸ್ಕನ್ನೋ ಜೊತೆಗೆ ಕರೆದುಕೊಂಡು ಹೋಗಬಹುದು.

ಕೆಳಗಿನ ಹಂತಗಳು ಗೋಡೆಯ ಸಾಕೆಟ್‌ನಿಂದ ಶುರುವಾಗಿ ಒಳಕ್ಕೆ ಬರುತ್ತವೆ. ಖರ್ಚಿಲ್ಲದ ಪರೀಕ್ಷೆಗಳು ಮೊದಲು ಬರುತ್ತವೆ. ದಯವಿಟ್ಟು ಹಾರಿಸದೆ ಇದೇ ಕ್ರಮದಲ್ಲಿ ಮಾಡಿ.

ಎಸ್‌ಎಂಪಿಎಸ್ ಮಾಡುವ ಕೆಲಸ

ಕ್ಯಾಬಿನೆಟ್ ಹಿಂದೆ ಪವರ್ ಕಾರ್ಡ್ ಚುಚ್ಚುತ್ತೀರಲ್ಲ, ಆ ಲೋಹದ ಡಬ್ಬಿಯೇ ಎಸ್‌ಎಂಪಿಎಸ್. ಪೂರ್ತಿ ಹೆಸರು ಸ್ವಿಚ್ಡ್ ಮೋಡ್ ಪವರ್ ಸಪ್ಲೈ. ಮನೆಯ 230 ವೋಲ್ಟ್ ಎಸಿ ಕರೆಂಟನ್ನು ಅದು 12, 5 ಮತ್ತು 3.3 ವೋಲ್ಟ್‌ಗಳ ಡಿಸಿ ಕರೆಂಟಾಗಿ ಬದಲಿಸುತ್ತದೆ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಫ್ಯಾನುಗಳು ಎಳೆಯುವುದು ಮುಖ್ಯವಾಗಿ 12 ವೋಲ್ಟ್. ಉಳಿದ ಎರಡು ಯುಎಸ್‌ಬಿ, ಎಸ್‌ಎಸ್‌ಡಿ, ಬೋರ್ಡಿನ ಸಣ್ಣಪುಟ್ಟ ಚಿಪ್‌ಗಳಿಗೆ.

ಇದಲ್ಲದೆ 5 ವೋಲ್ಟ್ ಸ್ಟ್ಯಾಂಡ್‌ಬೈ ಅಂತ ಇನ್ನೊಂದಿದೆ. ಕಂಪ್ಯೂಟರ್ ಶಟ್‌ಡೌನ್ ಆಗಿದ್ದರೂ ಗೋಡೆಯ ಸ್ವಿಚ್ ಆನ್ ಇರುವಷ್ಟು ಹೊತ್ತು ಇದು ಬರುತ್ತಲೇ ಇರುತ್ತದೆ. ನೀವು ಪವರ್ ಬಟನ್ ಒತ್ತಿದ್ದು ಮದರ್‌ಬೋರ್ಡಿಗೆ ಗೊತ್ತಾಗುವುದೇ ಈ ಸ್ಟ್ಯಾಂಡ್‌ಬೈ ಕರೆಂಟಿನಿಂದ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕೈ ಹಾಕುವ ಮುಂಚೆ

ಎಸ್‌ಎಂಪಿಎಸ್ ಡಬ್ಬಿಯನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. 230 ವೋಲ್ಟ್ ಎಸಿಯನ್ನು ಡಿಸಿ ಮಾಡಿದಾಗ ಅದು ಸುಮಾರು 325 ವೋಲ್ಟ್ ಆಗುತ್ತದೆ. ಈಗಿನ ಬಹುತೇಕ ಒಳ್ಳೆಯ ಮಾಡೆಲ್‌ಗಳಲ್ಲಿ 400 ವೋಲ್ಟ್ ಹತ್ತಿರಕ್ಕೂ ಹೋಗುತ್ತದೆ. ಅದನ್ನು ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್ ಕಾರ್ಡ್ ಕಿತ್ತ ಮೇಲೂ ಚಾರ್ಜ್ ಉಳಿಸಿಕೊಂಡಿರಬಹುದು. ಪ್ರಾಣಕ್ಕೇ ಅಪಾಯ. ಯೂಟ್ಯೂಬ್‌ನಲ್ಲಿ ಯಾರೋ ಬಿಚ್ಚಿ ಫ್ಯೂಸ್ ಬದಲಿಸಿದ್ದು ನೋಡಿ ನೀವೂ ಹೊರಡಬೇಡಿ. ಒಳಗಿನ ಫ್ಯೂಸ್ ಸುಮ್ನೆ ಹೋಗುವುದಿಲ್ಲ. ಒಳಗೆ ಬೇರೇನೋ ಶಾರ್ಟ್ ಆಗಿದ್ದಕ್ಕೇ ಅದು ಹೋಗಿರುತ್ತದೆ.

ಕ್ಯಾಬಿನೆಟ್ ಒಳಗೆ ಕೈ ಹಾಕುವಾಗ ಪ್ರತಿ ಸಲವೂ ಗೋಡೆಯ ಸ್ವಿಚ್ ಆಫ್ ಮಾಡಿ, ಪವರ್ ಕಾರ್ಡ್ ಕಿತ್ತು, ಪವರ್ ಬಟನ್ನನ್ನು 15–20 ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ಚಾರ್ಜ್ ಇಳಿಯುತ್ತದೆ. ಆಮೇಲೆ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ನಂತರ ಕೆಲಸ ಶುರು ಮಾಡಿ.

ಸುಟ್ಟ ವಾಸನೆ ಬಂದಿದ್ದರೆ, ಢಬ್ ಅಂತ ಸದ್ದಾಗಿದ್ದರೆ, ಆನ್ ಮಾಡಿದ ಕೂಡಲೇ ಮನೆಯ ಎಂಸಿಬಿ ಬೀಳುತ್ತಿದ್ದರೆ ಯಾವ ಪರೀಕ್ಷೆಯೂ ಬೇಡ. ಮತ್ತೆ ಆನ್ ಮಾಡಿ ನೋಡುವ ಆಸೆಯೂ ಬೇಡ. ನೇರ 7ನೇ ಹಂತಕ್ಕೆ ಹೋಗಿ, ಆ ಎಸ್‌ಎಂಪಿಎಸ್ ಮುಗಿದಿದೆ ಅಂತಲೇ ಇಟ್ಟುಕೊಳ್ಳಿ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಸ್ಟಾರ್ ಸ್ಕ್ರೂಡ್ರೈವರ್, ಟಾರ್ಚ್, ಇನ್ನೊಂದು ಪವರ್ ಕಾರ್ಡ್, ಒಂದು ಪೇಪರ್ ಕ್ಲಿಪ್, ಒಂದು ಡಿಜಿಟಲ್ ಮಲ್ಟಿಮೀಟರ್. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಸಾಧಾರಣ ಮೀಟರ್ ಸಾಕು. ಯಾವುದೇ ವೈರ್ ಕೀಳುವ ಮುಂಚೆ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಮತ್ತೆ ಜೋಡಿಸುವಾಗ ಆ ಫೋಟೋದಷ್ಟು ಉಪಕಾರಿ ಬೇರೆ ಯಾವುದೂ ಇಲ್ಲ.

ಹಂತ 1: ಗೋಡೆಯಿಂದ ಎಸ್‌ಎಂಪಿಎಸ್‌ವರೆಗೆ

ಮೊದಲು ಆ ಸಾಕೆಟ್‌ಗೆ ಟೇಬಲ್ ಲ್ಯಾಂಪ್ ಅಥವಾ ಫ್ಯಾನ್ ಹಾಕಿ ನೋಡಿ. ಅದು ನಡೆದರೆ ಯುಪಿಎಸ್, ಸ್ಪೈಕ್ ಗಾರ್ಡ್, ಎಕ್ಸ್‌ಟೆನ್ಶನ್ ಬಾಕ್ಸ್ ಎಲ್ಲವನ್ನೂ ಬದಿಗಿಟ್ಟು ಕಂಪ್ಯೂಟರನ್ನು ನೇರ ಗೋಡೆಯ ಸಾಕೆಟ್‌ಗೆ ಚುಚ್ಚಿ. ಆಗ ಆನ್ ಆಯಿತಾ? ಹಾಗಿದ್ದರೆ ಎಸ್‌ಎಂಪಿಎಸ್ ಸರಿ ಇದೆ, ತೊಂದರೆ ಯುಪಿಎಸ್‌ನದ್ದು ಅಥವಾ ಸ್ಪೈಕ್ ಗಾರ್ಡಿನದ್ದು. ಮನೆಯ ಸಣ್ಣ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ ಇರುತ್ತದೆ. ಎರಡು ಮೂರು ವರ್ಷಕ್ಕೆ ಅದು ಸೋಲುವುದು ಸಹಜ. ಬ್ಯಾಟರಿ ಪೂರ್ತಿ ಸತ್ತರೆ ಕೆಲವು ಯುಪಿಎಸ್‌ಗಳು ಗೋಡೆಯಲ್ಲಿ ಕರೆಂಟ್ ಇದ್ದರೂ ಆನ್ ಆಗುವುದಿಲ್ಲ.

ನಂತರ ಕಾರ್ಡ್. ಮಾನಿಟರ್‌ಗೆ ನೇರ ಗೋಡೆಯಿಂದ ಬರುವ ಮೂರು ಪಿನ್ನಿನ ಕಾರ್ಡ್ ಇದ್ದರೆ ಸಾಮಾನ್ಯವಾಗಿ ಅದೂ ಇದೇ ಅಳತೆಯದ್ದು. ಅದನ್ನೇ ಕಿತ್ತು ಇಲ್ಲಿ ಹಾಕಿ ನೋಡಿ. ಕ್ಯಾಬಿನೆಟನ್ನು ಗೋಡೆಗೆ ಒತ್ತಿ ಇಡುವವರ ಮನೆಯಲ್ಲಿ ಕಾರ್ಡ್ ಬುಡದಲ್ಲೇ ಮುರಿದಿರುವುದು ಮಾಮೂಲು.

ಎಸ್‌ಎಂಪಿಎಸ್ ಹಿಂಭಾಗದಲ್ಲಿ ಸಣ್ಣ ಕಪ್ಪು ಸ್ವಿಚ್ ಇದ್ದರೆ ಗೆರೆಯ ಗುರುತು ಇರುವ ಕಡೆ ಒತ್ತಿರಬೇಕು. ಸೊನ್ನೆ ಅಂದರೆ ಆಫ್. ಮನೆ ಗುಡಿಸುವಾಗ, ಕ್ಯಾಬಿನೆಟ್ ಸರಿಸುವಾಗ ಇದು ಆಫ್ ಆಗಿಬಿಡುತ್ತದೆ.

ಹಳೆಯ ಎಸ್‌ಎಂಪಿಎಸ್‌ಗಳಲ್ಲಿ ಒಂದು ಕೆಂಪು ಸ್ವಿಚ್ ಕೂಡ ಇರುತ್ತದೆ, ಅದರ ಮೇಲೆ 115 ಅಥವಾ 230 ಅಂತ ಕಾಣುತ್ತದೆ. ಅದು 230ರಲ್ಲೇ ಇರಬೇಕು. 115ಕ್ಕೆ ತಳ್ಳಿ ನಮ್ಮ ಕರೆಂಟಿಗೆ ಚುಚ್ಚಿದರೆ ಒಂದೇ ಕ್ಷಣದಲ್ಲಿ ಸುಟ್ಟು ಹೋಗುತ್ತದೆ. ಮಕ್ಕಳಿರುವ ಮನೆಯಲ್ಲಿ ಅದರ ಮೇಲೆ ಟೇಪ್ ಅಂಟಿಸಿಬಿಡಿ.

ವೋಲ್ಟೇಜ್ ಕಡಿಮೆ ಇದ್ದರೂ ಕಂಪ್ಯೂಟರ್ ಆನ್ ಆಗದೇ ಇರಬಹುದು, ಅಥವಾ ಆನ್ ಆಗಿ ನಿಲ್ಲಬಹುದು. ಪಂಪ್‌ಸೆಟ್‌ಗಳು ಒಟ್ಟಿಗೆ ಓಡುವ ಹೊತ್ತಿನಲ್ಲಿ ಹಳ್ಳಿಗಳ ಕಡೆ ವೋಲ್ಟೇಜ್ ಎಷ್ಟು ಇಳಿಯುತ್ತದೆ ಅಂತ ಅಲ್ಲಿರುವವರಿಗೆ ಹೇಳಬೇಕಾಗಿಲ್ಲ. ಎಸ್‌ಎಂಪಿಎಸ್ ಮೇಲಿನ ಚೀಟಿಯಲ್ಲಿ ಇನ್‌ಪುಟ್ ಅಂತ ಬರೆದಿರುವುದನ್ನು ನೋಡಿ. 100–240 ಅಂತಿದ್ದರೆ ಅದು ಕಡಿಮೆ ವೋಲ್ಟೇಜನ್ನೂ ತಾಳಿಕೊಳ್ಳುತ್ತದೆ. 200–240 ಅಂತಿದ್ದರೆ ಅದಕ್ಕಿಂತ ಕೆಳಗೆ ಅದು ಕೆಲಸ ಮಾಡುವ ಭರವಸೆ ಇಲ್ಲ. ಸಂಜೆ ಮಾತ್ರ ತೊಂದರೆ, ಮಧ್ಯರಾತ್ರಿ ಎಲ್ಲ ಸರಿ ಅಂತಾದರೆ ಮೊದಲು ವೋಲ್ಟೇಜ್ ಮೇಲೆ ಅನುಮಾನ ಪಡಿ.

ಇಲ್ಲೇ ಅರ್ಥಿಂಗ್ ಬಗ್ಗೆಯೂ ಹೇಳಬೇಕು. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ, ಟೆಸ್ಟರ್ ಇಟ್ಟರೆ ಮಿಣುಕುತ್ತದೆ ಅಂತ ತುಂಬಾ ಜನ ಬರೆಯುತ್ತಾರೆ. ಹೆಚ್ಚಿನ ಸಲ ಇದು ಎಸ್‌ಎಂಪಿಎಸ್ ಕೆಟ್ಟಿದ್ದಲ್ಲ. ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಒಂದಿಷ್ಟು ಸಣ್ಣ ಕರೆಂಟ್ ಲೋಹದ ಡಬ್ಬಿಗೆ ಬರುತ್ತದೆ, ಅದು ಅರ್ಥ್ ವೈರಿನ ಮೂಲಕ ಭೂಮಿಗೆ ಇಳಿದು ಹೋಗಬೇಕು. ಅರ್ಥಿಂಗ್ ಇಲ್ಲದ ಮನೆಯಲ್ಲಿ, ಅಥವಾ ಎರಡು ಪಿನ್ನಿನ ಎಕ್ಸ್‌ಟೆನ್ಶನ್ ಬಳಸಿದಲ್ಲಿ, ಅದು ಡಬ್ಬಿಯಲ್ಲೇ ಉಳಿದು ನಿಮ್ಮ ಕೈಗೆ ಬರುತ್ತದೆ. ಆದರೆ ಒಳಗೆ ಇನ್ಸುಲೇಶನ್ ಹೋಗಿ ಶಾಕ್ ಬರುತ್ತಿರುವ ಸಾಧ್ಯತೆಯೂ ಇದೆ. ಎರಡಕ್ಕೂ ಮೊದಲ ಮದ್ದು ಒಂದೇ: ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಸರಿಮಾಡಿಸಿ. ಅವರು ಅಳೆದಾಗ ಫೇಸ್ ಮತ್ತು ನ್ಯೂಟ್ರಲ್ ನಡುವೆ ಬಂದಷ್ಟೇ ವೋಲ್ಟೇಜ್ ಫೇಸ್ ಮತ್ತು ಅರ್ಥ್ ನಡುವೆಯೂ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಇದ್ದರೆ ಚಿಂತೆ ಇಲ್ಲ. ಇದು ಕಂಪ್ಯೂಟರ್‌ಗಿಂತ ಹೆಚ್ಚಾಗಿ ನಿಮ್ಮ ಮನೆಯವರ ಸುರಕ್ಷತೆಯ ವಿಷಯ, ಮುಂದೂಡಬೇಡಿ.

ಹಂತ 2: ಚಾರ್ಜ್ ಇಳಿಸಿ, ಬಟನ್ ಪರೀಕ್ಷಿಸಿ

ಕರೆಂಟ್ ಹೋಗಿ ಬಂದ ಮೇಲೆ ಸತ್ತಂತಿರುವ ಕಂಪ್ಯೂಟರ್‌ಗಳಲ್ಲಿ ಹಲವು ಇಷ್ಟಕ್ಕೇ ಎದ್ದು ಕೂರುತ್ತವೆ: ಕಾರ್ಡ್ ಕೀಳಿ, ಪವರ್ ಬಟನ್ನನ್ನು 20 ಸೆಕೆಂಡ್ ಒತ್ತಿ ಹಿಡಿಯಿರಿ, ಐದು ನಿಮಿಷ ಬಿಡಿ, ಮತ್ತೆ ಚುಚ್ಚಿ ಆನ್ ಮಾಡಿ. ವೋಲ್ಟೇಜ್ ಒಮ್ಮೆಲೇ ಏರಿಳಿದಾಗ ಎಸ್‌ಎಂಪಿಎಸ್ ತನ್ನನ್ನು ತಾನೇ ಬೀಗ ಹಾಕಿಕೊಳ್ಳಬಹುದು. ಕರೆಂಟ್ ಪೂರ್ತಿ ತಪ್ಪಿಸಿದರೆ ಮಾತ್ರ ಆ ಬೀಗ ತೆರೆಯುತ್ತದೆ.

ಆಗಲೂ ಏನೂ ಆಗಲಿಲ್ಲವಾದರೆ ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಕಾರ್ಡ್ ಚುಚ್ಚಿ ನೋಡಿ. ಮದರ್‌ಬೋರ್ಡಿನಲ್ಲಿ ಸಣ್ಣ ದೀಪ ಉರಿಯುತ್ತಿದೆಯಾ? ಹಿಂದೆ ನೆಟ್‌ವರ್ಕ್ ಕೇಬಲ್ ಚುಚ್ಚುವ ಜಾಗದಲ್ಲಿ ದೀಪ, ಮೌಸ್‌ನ ಕೆಂಪು ಬೆಳಕು ಏನಾದರೂ ಇದೆಯಾ? ಇದ್ದರೆ ಸ್ಟ್ಯಾಂಡ್‌ಬೈ 5 ವೋಲ್ಟ್ ಬರುತ್ತಿದೆ, ಎಸ್‌ಎಂಪಿಎಸ್ ಪೂರ್ತಿ ಸತ್ತಿಲ್ಲ. ಇಲ್ಲದಿದ್ದರೆ ಸತ್ತಿದೆ ಅಂತ ಖಚಿತವಾಗಿ ಹೇಳುವ ಹಾಗಿಲ್ಲ, ಎಲ್ಲ ಬೋರ್ಡಿನಲ್ಲೂ ಈ ದೀಪ ಇರುವುದಿಲ್ಲ.

ದೀಪ ಇದೆ, ಆದರೆ ಬಟನ್ ಒತ್ತಿದರೆ ಏನೂ ಆಗುವುದಿಲ್ಲ ಅಂದರೆ ಬಟನ್ ಮೇಲೇ ಅನುಮಾನ. ಕ್ಯಾಬಿನೆಟ್ ಮುಂಭಾಗದಿಂದ ಬರುವ ತೆಳು ವೈರುಗಳು ಬೋರ್ಡಿನ ಕೆಳಗಿನ ಮೂಲೆಯಲ್ಲಿ ಸೇರುತ್ತವೆ. ಒಂದರ ಮೇಲೆ ಪವರ್ ಸ್ವಿಚ್ ಅಂತ, ಇನ್ನೊಂದರ ಮೇಲೆ ರೀಸೆಟ್ ಸ್ವಿಚ್ ಅಂತ ಇಂಗ್ಲಿಷ್‌ನಲ್ಲಿ ಚಿಕ್ಕದಾಗಿ ಬರೆದಿರುತ್ತದೆ. ಕಾರ್ಡ್ ಕಿತ್ತು, ಪವರ್ ಸ್ವಿಚ್ ವೈರನ್ನು ತೆಗೆದು, ಅದರ ಜಾಗಕ್ಕೆ ರೀಸೆಟ್ ವೈರನ್ನು ಹಾಕಿ. ಈಗ ರೀಸೆಟ್ ಬಟನ್ನೇ ಪವರ್ ಬಟನ್. ಅದನ್ನು ಒತ್ತಿದಾಗ ಕಂಪ್ಯೂಟರ್ ಆನ್ ಆದರೆ ಹಾಗೇ ಬಳಸಿಕೊಂಡು ಹೋಗಬಹುದು, ಒಂದು ರೂಪಾಯಿ ಖರ್ಚಿಲ್ಲ. ಸ್ಕ್ರೂಡ್ರೈವರ್ ತುದಿಯಿಂದ ಆ ಎರಡು ಪಿನ್ ಮುಟ್ಟಿಸಿ ಆನ್ ಮಾಡುವ ಪದ್ಧತಿಯೂ ಇದೆ. ಆದರೆ ಅಕ್ಕಪಕ್ಕದ ಪಿನ್‌ಗೆ ಜಾರುವ ಭಯ ಇರುವುದರಿಂದ ಹೊಸಬರಿಗೆ ನಾನು ರೀಸೆಟ್ ವೈರಿನ ದಾರಿಯನ್ನೇ ಹೇಳುತ್ತೇನೆ.

ಹಂತ 3: ಭಾರ ಇಳಿಸಿ ನೋಡಿ

ಫ್ಯಾನ್ ಒಂದು ಸುತ್ತು ತಿರುಗಿ ನಿಂತುಬಿಡುತ್ತದೆ. ಅಥವಾ ಆನ್ ಆಗುತ್ತದೆ, ಆಫ್ ಆಗುತ್ತದೆ, ಮತ್ತೆ ತಾನೇ ಆನ್ ಆಗುತ್ತದೆ. ಇದನ್ನು ನೋಡಿದ ಕೂಡಲೇ ಎಸ್‌ಎಂಪಿಎಸ್ ಹೋಗಿದೆ ಅಂತ ತೀರ್ಮಾನಿಸುವವರು ಬಹಳ. ಎಲ್ಲೋ ಶಾರ್ಟ್ ಇದೆ ಅಂತ ಗೊತ್ತಾಗಿ ಎಸ್‌ಎಂಪಿಎಸ್ ತಾನಾಗಿ ನಿಲ್ಲುತ್ತಿರಲೂಬಹುದು. ಅಂದರೆ ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ.

ಕಾರ್ಡ್ ಕಿತ್ತು, ಕೀಬೋರ್ಡ್ ಒಂದನ್ನು ಬಿಟ್ಟು ಎಲ್ಲ ಯುಎಸ್‌ಬಿ ಸಾಧನಗಳನ್ನು ತೆಗೆಯಿರಿ. ಮುಂಭಾಗದ ಯುಎಸ್‌ಬಿ ಕಿಂಡಿಗಳಲ್ಲಿ ಟಾರ್ಚ್ ಹಾಕಿ ನೋಡಿ. ಒಳಗಿನ ಪಟ್ಟಿ ಬಾಗಿ ಒಂದಕ್ಕೊಂದು ತಾಗಿದ್ದರೆ ಅಷ್ಟೇ ಸಾಕು ಇಡೀ ಕಂಪ್ಯೂಟರ್ ಆನ್ ಆಗದಿರಲು. ನಂತರ ಹಾರ್ಡ್ ಡಿಸ್ಕ್, ಡಿವಿಡಿ ಡ್ರೈವ್‌ಗಳ ಪವರ್ ವೈರ್ ಕೀಳಿ. ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇದ್ದರೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡನ್ನೂ ತೆಗೆದು ಮಾನಿಟರ್ ಕೇಬಲನ್ನು ಮದರ್‌ಬೋರ್ಡಿಗೆ ಹಾಕಿ. ರ‍್ಯಾಮ್ ಎರಡಿದ್ದರೆ ಒಂದನ್ನೇ ಉಳಿಸಿ. ಈಗ ಆನ್ ಆದರೆ, ತೆಗೆದದ್ದನ್ನು ಒಂದೊಂದಾಗಿ ಮತ್ತೆ ಹಾಕುತ್ತಾ ಹೋಗಿ. ಯಾವುದನ್ನು ಹಾಕಿದಾಗ ನಿಂತಿತೋ ಅದೇ ಕಳ್ಳ. ಪ್ರತಿ ಸಲ ಕಾರ್ಡ್ ಕಿತ್ತೇ ಹಾಕಬೇಕು, ಇದರಲ್ಲಿ ಸೋಮಾರಿತನ ಬೇಡ.

ಫ್ಯಾನುಗಳು ಓಡುತ್ತಿವೆ, ಆದರೆ ಪರದೆ ಕಪ್ಪು ಅನ್ನುವುದು ಬೇರೆ ಕಥೆ. ಇಲ್ಲಿ ಎಸ್‌ಎಂಪಿಎಸ್‌ಗಿಂತ ರ‍್ಯಾಮ್ ಮೇಲೆ ಅನುಮಾನ ಜಾಸ್ತಿ. ರ‍್ಯಾಮ್ ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿ, ಪುಡಿ ಒರೆಸಿ, ಎರಡೂ ಕಡೆಯ ಕ್ಲಿಪ್ ಟಕ್ ಅನ್ನುವ ಹಾಗೆ ಒತ್ತಿ ಕೂರಿಸಿ. ಪ್ರೊಸೆಸರ್ ಹತ್ತಿರ 4 ಅಥವಾ 8 ಪಿನ್ನಿನ ಇನ್ನೊಂದು ಪವರ್ ಕನೆಕ್ಟರ್ ಇರುತ್ತದೆ. ಅದು ಸಡಿಲವಾಗಿದ್ದರೂ ಹೀಗೇ ಆಗುತ್ತದೆ: ಫ್ಯಾನ್ ಓಡುತ್ತದೆ, ಪ್ರೊಸೆಸರ್‌ಗೆ ಕರೆಂಟ್ ಇರುವುದಿಲ್ಲ. ಮೂಲೆಯಲ್ಲಿ ಅಡಗಿರುವುದರಿಂದ ಇದನ್ನು ಮರೆಯುವವರೇ ಹೆಚ್ಚು. 24 ಪಿನ್ನಿನ ದೊಡ್ಡ ಕನೆಕ್ಟರನ್ನೂ ಕಿತ್ತು ಗಟ್ಟಿಯಾಗಿ ಹಾಕಿ. ಯಾವುದಾದರೂ ಪಿನ್ ಸುಟ್ಟು ಕಂದು ಬಣ್ಣಕ್ಕೆ ತಿರುಗಿದೆಯಾ ಅಂತಲೂ ನೋಡಿ.

ಇತ್ತೀಚೆಗೆ ಕ್ಯಾಬಿನೆಟ್ ಬದಲಿಸಿದ್ದೀರಾ? ಮದರ್‌ಬೋರ್ಡ್ ಕೆಳಗೆ ಬೇಡದ ಜಾಗದಲ್ಲಿ ಉಳಿದ ಹಿತ್ತಾಳೆಯ ಗಿಡ್ಡ ಸ್ಕ್ರೂ, ಅಥವಾ ಬಿದ್ದುಹೋದ ಒಂದು ಸ್ಕ್ರೂ ಬೋರ್ಡನ್ನು ಶಾರ್ಟ್ ಮಾಡಬಹುದು.

ಹಂತ 4: ಪೇಪರ್ ಕ್ಲಿಪ್ ಪರೀಕ್ಷೆ

ಮದರ್‌ಬೋರ್ಡ್ ಇಲ್ಲದೆ ಎಸ್‌ಎಂಪಿಎಸ್ ಒಂದನ್ನೇ ಆನ್ ಮಾಡುವ ಪರೀಕ್ಷೆ ಇದು. ಬೋರ್ಡ್ ಎಸ್‌ಎಂಪಿಎಸ್‌ಗೆ "ಶುರುಮಾಡು" ಅಂತ ಹೇಳುವುದು ಹಸಿರು ವೈರನ್ನು ಕಪ್ಪು ವೈರಿಗೆ, ಅಂದರೆ ಗ್ರೌಂಡಿಗೆ ಸೇರಿಸಿ. ಅದೇ ಕೆಲಸವನ್ನು ನಾವು ಒಂದು ಕ್ಲಿಪ್‌ನಿಂದ ಮಾಡುತ್ತೇವೆ.

ಒಂದು ಎಚ್ಚರಿಕೆ. ಈ ಪರೀಕ್ಷೆ 24 ಪಿನ್ನಿನ ಸಾಮಾನ್ಯ ಕನೆಕ್ಟರ್ ಇರುವ ಎಸ್‌ಎಂಪಿಎಸ್‌ಗಳಿಗೆ ಮಾತ್ರ. ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳ ಕೆಲವು ಆಫೀಸ್ ಡೆಸ್ಕ್‌ಟಾಪ್‌ಗಳಲ್ಲಿ ಕಡಿಮೆ ಪಿನ್ನುಗಳ, ಅವರದ್ದೇ ಆದ ಕನೆಕ್ಟರ್ ಇರುತ್ತದೆ. ಅಂಥದ್ದಾದರೆ ಇದನ್ನು ಮಾಡಬೇಡಿ, 7ನೇ ಹಂತಕ್ಕೆ ಹೋಗಿ.

ಕಾರ್ಡ್ ಕಿತ್ತು, ಎಸ್‌ಎಂಪಿಎಸ್‌ನಿಂದ ಬರುವ ಎಲ್ಲ ಕನೆಕ್ಟರ್‌ಗಳನ್ನು ಬೋರ್ಡ್, ಡಿಸ್ಕ್, ಗ್ರಾಫಿಕ್ಸ್ ಕಾರ್ಡ್‌ಗಳಿಂದ ತೆಗೆಯಿರಿ. ಒಂದು ಕ್ಯಾಬಿನೆಟ್ ಫ್ಯಾನನ್ನು ಮಾತ್ರ ಎಸ್‌ಎಂಪಿಎಸ್‌ಗೆ ಸಿಕ್ಕಿಸಿಡಲು ಸಾಧ್ಯವಾದರೆ ಒಳ್ಳೆಯದು, ಏಕೆಂದರೆ ಕೆಲವು ಹಳೆಯ ಎಸ್‌ಎಂಪಿಎಸ್‌ಗಳು ಒಂದಿಷ್ಟಾದರೂ ಲೋಡ್ ಇಲ್ಲದೆ ಶುರುವಾಗುವುದಿಲ್ಲ. ಪೇಪರ್ ಕ್ಲಿಪ್ಪನ್ನು ಯು ಆಕಾರಕ್ಕೆ ಬಗ್ಗಿಸಿ, ಒಂದು ತುದಿಯನ್ನು ಹಸಿರು ವೈರಿನ ರಂಧ್ರಕ್ಕೆ, ಇನ್ನೊಂದನ್ನು ಪಕ್ಕದ ಕಪ್ಪು ವೈರಿನ ರಂಧ್ರಕ್ಕೆ ತೂರಿಸಿ. ಕೈ ತೆಗೆದ ಮೇಲೆ ಕಾರ್ಡ್ ಚುಚ್ಚಿ ಸ್ವಿಚ್ ಹಾಕಿ. ಆನ್ ಇರುವಾಗ ಕ್ಲಿಪ್ಪನ್ನು ಮುಟ್ಟಬೇಡಿ.

ಎಲ್ಲ ವೈರೂ ಕಪ್ಪಾಗಿದ್ದರೆ? ಈಗಿನ ಹಲವು ಎಸ್‌ಎಂಪಿಎಸ್‌ಗಳಲ್ಲಿ ಹೀಗೇ ಇರುತ್ತದೆ. ಆಗ ಕನೆಕ್ಟರ್‌ನ ಕೊಂಡಿ, ಅಂದರೆ ಒತ್ತಿ ಬಿಡಿಸುವ ಕ್ಲಿಪ್, ಯಾವ ಸಾಲಿನ ಕಡೆ ಇದೆಯೋ ಆ ಸಾಲನ್ನು ನೋಡಿ. ಆ 12 ರಂಧ್ರಗಳಲ್ಲಿ ಸಾಮಾನ್ಯವಾಗಿ ಒಂದಕ್ಕೆ ವೈರ್ ಇರುವುದಿಲ್ಲ. ಖಾಲಿ ರಂಧ್ರದ ಒಂದು ಬದಿಗೆ 4 ವೈರ್, ಇನ್ನೊಂದು ಬದಿಗೆ 7 ವೈರ್ ಇರುತ್ತವೆ. ಆ ಏಳರಲ್ಲಿ ನಟ್ಟನಡುವಿನದ್ದೇ ಹಸಿರು ವೈರಿನ ಜಾಗ, ಅದರ ಎರಡೂ ಪಕ್ಕದಲ್ಲಿರುವುದು ಗ್ರೌಂಡ್. ತಪ್ಪು ಬದಿಯಿಂದ ಎಣಿಸಿದರೆ 5 ವೋಲ್ಟಿನ ವೈರ್ ಸಿಗುತ್ತದೆ, ಅದನ್ನು ಗ್ರೌಂಡಿಗೆ ಸೇರಿಸಿದರೆ ಶಾರ್ಟ್. ಖಾಲಿ ರಂಧ್ರವೇ ಕಾಣದಿದ್ದರೆ ಊಹೆ ಮಾಡಿ ತೂರಿಸಬೇಡಿ.

ಎಸ್‌ಎಂಪಿಎಸ್ ಫ್ಯಾನ್ ತಿರುಗಿ ತಿರುಗುತ್ತಲೇ ಇದ್ದರೆ ಅದಕ್ಕೆ ಜೀವ ಇದೆ. ಏನೂ ಆಗದಿದ್ದರೆ, ಕ್ಲಿಪ್ ಸರಿಯಾಗಿ ತಾಗಿದೆ ಅಂತ ಖಾತ್ರಿ ಮಾಡಿಕೊಂಡ ಮೇಲೂ, ಎಸ್‌ಎಂಪಿಎಸ್ ಹೋಗಿದೆ ಅನ್ನಬಹುದು. ಕೆಲವು ದುಬಾರಿ ಮಾಡೆಲ್‌ಗಳಲ್ಲಿ ಬಿಸಿ ಆಗುವವರೆಗೆ ಫ್ಯಾನ್ ತಿರುಗುವುದೇ ಇಲ್ಲ, ಅಂಥವಕ್ಕೆ ಮುಂದಿನ ಹಂತದ ಮೀಟರ್ ಬೇಕು.

ಜೀವ ಇದೆ ಅಂದ ಮಾತ್ರಕ್ಕೆ ಆರೋಗ್ಯವಾಗಿದೆ ಅಂತ ಅಲ್ಲ. ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕಾದ ಮಾತು ಇದು. ಖಾಲಿ ಗಾಡಿಯನ್ನು ಎಂಥ ಎತ್ತೂ ಎಳೆಯುತ್ತದೆ, ಹೇರು ಹಾಕಿದಾಗಲೇ ಅದರ ಶಕ್ತಿ ಗೊತ್ತಾಗುವುದು. ಕ್ಲಿಪ್ ಪರೀಕ್ಷೆಯಲ್ಲಿ ಪಾಸಾದ ಎಸ್‌ಎಂಪಿಎಸ್ ನಿಜವಾದ ಲೋಡ್ ಬಿದ್ದಾಗ ಕುಸಿಯಬಹುದು. ಈ ಪರೀಕ್ಷೆ ಸತ್ತದ್ದನ್ನು ಮಾತ್ರ ಹಿಡಿಯುತ್ತದೆ, ಸೊರಗಿದ್ದನ್ನು ಹಿಡಿಯುವುದಿಲ್ಲ.

ಹಂತ 5: ಮಲ್ಟಿಮೀಟರ್ ಇಟ್ಟು ಅಳೆಯಿರಿ

ಹಿಂದಿನ ಹಂತದ ಹಾಗೆ ಕ್ಲಿಪ್ ಹಾಕಿ ಎಸ್‌ಎಂಪಿಎಸ್ ಆನ್ ಇರುವಾಗಲೇ ಅಳೆಯಬೇಕು. ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ. ಕಪ್ಪು ಕಡ್ಡಿಯನ್ನು ಯಾವುದಾದರೂ ಕಪ್ಪು ವೈರಿನ ರಂಧ್ರಕ್ಕೆ ಇಟ್ಟು, ಕೆಂಪು ಕಡ್ಡಿಯಿಂದ ಒಂದೊಂದೇ ಬಣ್ಣ ನೋಡಿ:

ಹಳದಿ: 12 ವೋಲ್ಟ್. 11.4ರಿಂದ 12.6ರ ಒಳಗೆ ಇರಬೇಕು.
ಕೆಂಪು: 5 ವೋಲ್ಟ್. 4.75ರಿಂದ 5.25.
ಕಿತ್ತಳೆ: 3.3 ವೋಲ್ಟ್. 3.14ರಿಂದ 3.47.
ನೇರಳೆ: ಸ್ಟ್ಯಾಂಡ್‌ಬೈ 5 ವೋಲ್ಟ್. ಕ್ಲಿಪ್ ತೆಗೆದಿದ್ದರೂ, ಗೋಡೆಯ ಸ್ವಿಚ್ ಆನ್ ಇದ್ದರೆ ಸಾಕು, ಬರುತ್ತಿರಬೇಕು.
ಬೂದು: ಪವರ್ ಗುಡ್. ಎಲ್ಲ ವೋಲ್ಟೇಜ್ ಸರಿಯಾಗಿವೆ ಅಂತ ಎಸ್‌ಎಂಪಿಎಸ್ ಬೋರ್ಡಿಗೆ ಕೊಡುವ ಸೂಚನೆ. ಆನ್ ಆದ ಅರೆಕ್ಷಣದಲ್ಲಿ 5 ವೋಲ್ಟ್ ಹತ್ತಿರ ಬರಬೇಕು.

ನೇರಳೆ ವೈರಿನಲ್ಲಿ ಏನೂ ಇಲ್ಲದಿದ್ದರೆ ಮುಂದೆ ನೋಡುವ ಅಗತ್ಯವೇ ಇಲ್ಲ, ಎಸ್‌ಎಂಪಿಎಸ್ ಹೋಗಿದೆ. ಬೂದು ವೈರಿನಲ್ಲಿ ಬರದಿದ್ದರೆ ಫ್ಯಾನ್ ಓಡಿದರೂ ಕಂಪ್ಯೂಟರ್ ಶುರುವಾಗುವುದಿಲ್ಲ.

ಸ್ವಲ್ಪ ಧೈರ್ಯ ಇರುವವರು ಎಲ್ಲವನ್ನೂ ಮತ್ತೆ ಜೋಡಿಸಿ, ಕಂಪ್ಯೂಟರ್ ಓಡುತ್ತಿರುವಾಗ ಹಳದಿ ವೈರನ್ನು ಅಳೆಯಬಹುದು. ಡಿವಿಡಿ ಡ್ರೈವ್‌ಗೆ ಹೋಗುವಂಥ, ಬಳಸದೆ ಬಿಟ್ಟ 4 ಪಿನ್ನಿನ ಕನೆಕ್ಟರ್ ಇದ್ದರೆ ಅದರಲ್ಲಿ ಅಳೆಯುವುದು ಸುಲಭ. ಸುಮ್ಮನಿರುವಾಗ 12.1 ಇದ್ದದ್ದು ಗೇಮ್ ಹಾಕಿದಾಗ 11.3ಕ್ಕೆ ಇಳಿಯಿತು ಅಂದರೆ ನಿಮಗೆ ಉತ್ತರ ಸಿಕ್ಕಿತು. ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆ) ಅಥವಾ ಸಾಫ್ಟ್‌ವೇರ್‌ನಲ್ಲಿ ಕಾಣುವ ವೋಲ್ಟೇಜ್ ಅಂಕಿಗಳನ್ನು ಮಾತ್ರ ಪೂರ್ತಿ ನಂಬಬೇಡಿ. 12 ವೋಲ್ಟ್ ಜಾಗದಲ್ಲಿ ಅವು 8 ವೋಲ್ಟ್ ತೋರಿಸುತ್ತಿದ್ದು, ಕಂಪ್ಯೂಟರ್ ಆರಾಮಾಗಿ ಓಡುತ್ತಿದ್ದರೆ ಕೆಟ್ಟಿರುವುದು ಅಳತೆಯೇ.

ಹಂತ 6: ಓಡುತ್ತಾ ಓಡುತ್ತಾ ನಿಲ್ಲುವ ಕಂಪ್ಯೂಟರ್

ಪೂರ್ತಿ ಸತ್ತದ್ದಕ್ಕಿಂತ ಇದನ್ನು ಹಿಡಿಯುವುದು ಕಷ್ಟ. ಯಾವಾಗ ನಿಲ್ಲುತ್ತದೆ ಅನ್ನುವುದನ್ನು ನಾಲ್ಕು ದಿನ ಒಂದು ಚೀಟಿಯಲ್ಲಿ ಬರೆದಿಡಿ. ಅದರಲ್ಲೇ ಅರ್ಧ ಉತ್ತರ ಇರುತ್ತದೆ.

ಗೇಮ್ ಆಡುವಾಗ, ವಿಡಿಯೋ ಎಡಿಟ್ ಮಾಡುವಾಗ ಮಾತ್ರ ನಿಂತರೆ ಎರಡು ಸಾಧ್ಯತೆ: ಕರೆಂಟ್ ಸಾಲುತ್ತಿಲ್ಲ, ಅಥವಾ ಪ್ರೊಸೆಸರ್ ಬಿಸಿಯಾಗುತ್ತಿದೆ. ಎಚ್‌ಡಬ್ಲ್ಯುಇನ್ಫೊದಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಬಿಸಿ ನೋಡಿ. ಅದು 95–100 ಡಿಗ್ರಿ ಮುಟ್ಟುತ್ತಿದ್ದರೆ ಮೊದಲು ಕೂಲರ್ ಧೂಳು ತೆಗೆದು ಥರ್ಮಲ್ ಪೇಸ್ಟ್ ಬದಲಿಸಿ.

ಕಂಪ್ಯೂಟರಿನಲ್ಲಿ ಆದದ್ದನ್ನೆಲ್ಲ ದಾಖಲಿಸಿ ತೋರಿಸುವ ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 ಅಂತ ಕೆಂಪು ಗುರುತು ಕಂಡು ಅನೇಕರು ಗಾಬರಿಯಾಗುತ್ತಾರೆ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಅನ್ನುವುದಷ್ಟೇ ಅದರ ಅರ್ಥ. ಮನೆಯ ಕರೆಂಟ್ ಹೋದಾಗಲೂ ಅದು ಬರುತ್ತದೆ, ಹಾಗಾಗಿ ಅದೊಂದರಿಂದಲೇ ಎಸ್‌ಎಂಪಿಎಸ್ ಮೇಲೆ ತಪ್ಪು ಹೊರಿಸಲಾಗದು. ಇನ್ನೂ ಉಪಯೋಗದ ಸುಳಿವು ಬೇಕಾದರೆ ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಭಾಗದಲ್ಲಿ ಸ್ಟಾರ್ಟಪ್ ಅಂಡ್ ರಿಕವರಿಗೆ ಹೋಗಿ, ತಾನಾಗಿ ರೀಸ್ಟಾರ್ಟ್ ಆಗುವ ಆಯ್ಕೆಯನ್ನು ತೆಗೆಯಿರಿ. ಮುಂದಿನ ಸಲ ನೀಲಿ ಪರದೆ ಬಂದು ನಿಂತರೆ ಡ್ರೈವರ್, ರ‍್ಯಾಮ್ ಕಡೆ ನೋಡಿ. ಯಾವ ಸೂಚನೆಯೂ ಇಲ್ಲದೆ ಸ್ವಿಚ್ ಆರಿಸಿದ ಹಾಗೆ ಕಪ್ಪಾದರೆ ಕರೆಂಟಿನ ಕಡೆ ನೋಡಿ.

ಮನೆಯ ಕರೆಂಟ್ ಹೋದ ಕ್ಷಣವೇ, ಯುಪಿಎಸ್ ಇದ್ದರೂ, ಕಂಪ್ಯೂಟರ್ ನಿಲ್ಲುತ್ತದಾ? ಬ್ಯಾಟರಿ ಹಳೆಯದಾಗಿರಬಹುದು. ಯುಪಿಎಸ್ ಚಿಕ್ಕದಾಗಿರಬಹುದು: 600 ವಿಎ ಅಂತ ಬರೆದ ಸಾಮಾನ್ಯ ಯುಪಿಎಸ್ ನಿಜವಾಗಿ ಕೊಡುವುದು ಸುಮಾರು 360 ವ್ಯಾಟ್. ಅದಕ್ಕೇ ಲೇಸರ್ ಪ್ರಿಂಟರ್ ಕೂಡ ಸಿಕ್ಕಿಸಿದ್ದರೆ ಈಗಲೇ ತೆಗೆಯಿರಿ. ಮೂರನೆಯ ಕಾರಣವೂ ಇದೆ. ಆಕ್ಟಿವ್ ಪಿಎಫ್‌ಸಿ (ಗೋಡೆಯಿಂದ ಕರೆಂಟನ್ನು ಹದವಾಗಿ ಎಳೆಯುವ ವ್ಯವಸ್ಥೆ) ಇರುವ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಕೆಲವಕ್ಕೆ, ಅಗ್ಗದ ಯುಪಿಎಸ್‌ಗಳು ಬ್ಯಾಟರಿಯಲ್ಲಿ ಕೊಡುವ ಒರಟು ಅಲೆಯ ಕರೆಂಟ್ ಒಗ್ಗುವುದಿಲ್ಲ. ಅಂಥವಕ್ಕೆ ಪ್ಯೂರ್ ಸೈನ್ ವೇವ್ ಯುಪಿಎಸ್ ಬೇಕಾಗುತ್ತದೆ.

ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಶುರುವಾದ ತೊಂದರೆಯಾದರೆ ಲೆಕ್ಕ ನೋಡಬೇಕು. ಎಸ್‌ಎಂಪಿಎಸ್ ಡಬ್ಬಿಯ ಮೇಲೆ ದೊಡ್ಡದಾಗಿ 450 ವ್ಯಾಟ್ ಅಂತ ಬರೆದಿರುವುದನ್ನು ಬಿಡಿ, ಚೀಟಿಯಲ್ಲಿ 12 ವೋಲ್ಟ್ ಕೆಳಗಿರುವ ಆಂಪಿಯರ್ ನೋಡಿ. ಅಲ್ಲಿ 16 ಆಂಪಿಯರ್ ಅಂತಿದ್ದರೆ 12ನ್ನು 16ರಿಂದ ಗುಣಿಸಿ: 192 ವ್ಯಾಟ್. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡಕ್ಕೂ ಸೇರಿ ಸಿಗುವುದು ಅಷ್ಟೇ. ಎನ್‌ವಿಡಿಯಾದ ಆರ್‌ಟಿಎಕ್ಸ್ 3060 ಒಂದೇ 170 ವ್ಯಾಟ್ ಎಳೆಯುತ್ತದೆ, ಕಂಪನಿ ಅದಕ್ಕೆ 550 ವ್ಯಾಟಿನ ಎಸ್‌ಎಂಪಿಎಸ್ ಹೇಳುತ್ತದೆ. ಕ್ಯಾಬಿನೆಟ್ ಜೊತೆಗೇ ಬಂದ ಎಸ್‌ಎಂಪಿಎಸ್‌ನಲ್ಲಿ ಇಂಥ ಕಾರ್ಡ್ ಓಡಿಸಬೇಡಿ.

ಧೂಳನ್ನೂ ಮರೆಯಬೇಡಿ. ಕಾರ್ಡ್ ಕಿತ್ತು, ಎಸ್‌ಎಂಪಿಎಸ್ ಫ್ಯಾನ್ ತಿರುಗದ ಹಾಗೆ ಒಂದು ಕಡ್ಡಿಯಿಂದ ತಡೆದು, ಹೊರಗಿನಿಂದಲೇ ಬ್ಲೋವರ್ ಹಿಡಿಯಿರಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ತೇವ ಮತ್ತು ಧೂಳು ಸೇರಿ ಒಳಗೆ ಅಂಟಾಗಿ ಕೂರುತ್ತದೆ. ಬೆಚ್ಚಗಿರುತ್ತದೆ ಅಂತ ಇರುವೆ, ಹಲ್ಲಿ ಸೇರುವುದೂ ಉಂಟು. ಕ್ಯಾಬಿನೆಟ್ ಹಿಂದೆ ಕಾರ್ಡುಗಳಿಲ್ಲದ ಕಿಂಡಿಗಳನ್ನು ತಗಡಿನ ಪಟ್ಟಿಯಿಂದ ಮುಚ್ಚಿಡಿ.

ಹಂತ 7: ಬೇರೆ ಎಸ್‌ಎಂಪಿಎಸ್ ಹಾಕಿ ನೋಡುವುದು

ಕೊನೆಯ ತೀರ್ಪು ಇದೇ. ಸ್ನೇಹಿತರ ಹತ್ತಿರ ಅಥವಾ ಅಂಗಡಿಯಲ್ಲಿ ಸರಿಯಾಗಿರುವ ಒಂದು ಎಸ್‌ಎಂಪಿಎಸ್ ಸಿಕ್ಕರೆ ಅದನ್ನು ಕ್ಯಾಬಿನೆಟ್ ಪಕ್ಕದಲ್ಲೇ ಇಟ್ಟು ವೈರುಗಳನ್ನು ಮಾತ್ರ ಜೋಡಿಸಿ. ಸ್ಕ್ರೂ ಹಾಕಿ ಕೂರಿಸುವ ಅಗತ್ಯ ಇಲ್ಲ. ಕಂಪ್ಯೂಟರ್ ಆನ್ ಆಗಿ, ಹಿಂದೆ ನಿಲ್ಲುತ್ತಿದ್ದ ಕೆಲಸದಲ್ಲೂ ಒಂದೆರಡು ಗಂಟೆ ನಿಲ್ಲದೆ ಓಡಿದರೆ ಹಳೆಯದೇ ತಪ್ಪಿತಸ್ಥ. ಸುಟ್ಟ ವಾಸನೆ ಬಂದಿದ್ದರೆ ಮಾತ್ರ ಸ್ನೇಹಿತರದ್ದನ್ನು ಕೇಳಬೇಡಿ. ಶಾರ್ಟ್ ಬೋರ್ಡಿನಲ್ಲೇ ಇದ್ದರೆ ಅವರದ್ದಕ್ಕೂ ಪೆಟ್ಟು ಬೀಳಬಹುದು, ಅಂಗಡಿಯಲ್ಲೇ ಮಾಡಿಸಿ.

ವೈರುಗಳನ್ನು ಎರಡೂ ಕಡೆ ಬಿಚ್ಚಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್ ಆಗಿದ್ದರೆ ಡಬ್ಬಿಯ ಜೊತೆಗೆ ಅದರದ್ದೇ ವೈರುಗಳನ್ನೂ ಬದಲಿಸಿ. ಬೋರ್ಡಿನ ಕಡೆಯ ತುದಿ ಎಲ್ಲ ಕಂಪನಿಯದ್ದೂ ಒಂದೇ, ಎಸ್‌ಎಂಪಿಎಸ್ ಕಡೆಯ ತುದಿಗೆ ಅಂಥ ನಿಯಮ ಇಲ್ಲ. ಹಳೆಯ ವೈರ್ ಸರಿಯಾಗಿ ಕೂತರೂ 5 ವೋಲ್ಟ್ ಹೋಗಬೇಕಾದಲ್ಲಿ 12 ಹೋಗಿ ಡಿಸ್ಕ್‌ಗಳು ಸುಟ್ಟ ಉದಾಹರಣೆ ಬೇಕಾದಷ್ಟಿವೆ. ಒಂದೇ ಕಂಪನಿಯ ಬೇರೆ ಮಾಡೆಲ್ ಆದರೂ ಬೆರೆಸಬೇಡಿ.

ಅಂಗಡಿಗೆ ಹೋಗುವಾಗ

ರಿಪೇರಿಗೆ ಕೊಡುವುದಾದರೆ ಏನೇನು ನೋಡಿದ್ದೀರಿ, ಯಾವ ವೋಲ್ಟೇಜ್ ಎಷ್ಟು ಬಂತು ಅಂತ ಚೀಟಿಯಲ್ಲಿ ಬರೆದುಕೊಡಿ. ಅವರ ಸಮಯವೂ ಉಳಿಯುತ್ತದೆ, ನಿಮಗೆ ವಿಷಯ ಗೊತ್ತಿದೆ ಅಂತಲೂ ಅವರಿಗೆ ತಿಳಿಯುತ್ತದೆ. "ಎಸ್‌ಎಂಪಿಎಸ್ ಹೋಗಿದೆ" ಅಂದರೆ, ಬೇರೆಯದನ್ನು ಸಿಕ್ಕಿಸಿ ನಿಮ್ಮೆದುರಿಗೇ ಆನ್ ಮಾಡಿ ತೋರಿಸಲು ಕೇಳಿ. ಇದು ನಿಮ್ಮ ಹಕ್ಕು. ಒಳ್ಳೆಯ ಮೆಕ್ಯಾನಿಕ್ ಬೇಸರ ಮಾಡಿಕೊಳ್ಳುವುದಿಲ್ಲ.

ಹೊಸದನ್ನು ಕೊಳ್ಳುವಾಗ 12 ವೋಲ್ಟ್ ಆಂಪಿಯರ್, ನಿಮ್ಮ ಬೋರ್ಡಿಗೂ ಕಾರ್ಡಿಗೂ ಬೇಕಾದ ಕನೆಕ್ಟರ್‌ಗಳು, ವಾರಂಟಿಯ ವರ್ಷಗಳು ಈ ಮೂರನ್ನು ನೋಡಿ. 80 ಪ್ಲಸ್ ಅನ್ನುವ ಗುರುತು ಕರೆಂಟ್ ಎಷ್ಟು ಪೋಲಾಗುವುದಿಲ್ಲ ಅನ್ನುವುದಕ್ಕೆ, ಗಟ್ಟಿತನಕ್ಕೆ ಅದು ಗ್ಯಾರಂಟಿ ಅಲ್ಲ. ಆದರೂ ಆ ಗುರುತೇ ಇಲ್ಲದ್ದನ್ನು ನಾನಂತೂ ಯಾರಿಗೂ ಹೇಳುವುದಿಲ್ಲ. ಚಿಕ್ಕ ಕ್ಯಾಬಿನೆಟ್ ಆಗಿದ್ದರೆ ಹಳೆಯ ಡಬ್ಬಿಯ ಅಳತೆ ಬರೆದುಕೊಂಡು ಹೋಗಿ, ಮಾಮೂಲಿ ಗಾತ್ರದ್ದು ಅದರಲ್ಲಿ ಕೂರುವುದಿಲ್ಲ.

ಬಿಲ್ ತಪ್ಪದೆ ತೆಗೆದುಕೊಳ್ಳಿ, ಅದರ ಮೇಲೆ ಸೀರಿಯಲ್ ನಂಬರ್ ಬರೆಸಿ. ವಾರಂಟಿ ಚೀಟಿಯನ್ನು ಡಬ್ಬಿಯಿಂದ ಕೀಳಬೇಡಿ. ಅಂಗಡಿಯ ಬಿಲ್ಲಿನ ಅಕ್ಷರ ಆರು ತಿಂಗಳಲ್ಲಿ ಅಳಿಸಿಹೋಗಬಹುದು, ಅವತ್ತೇ ಒಂದು ಫೋಟೋ ತೆಗೆದಿಡಿ. ಹಳೆಯ ಎಸ್‌ಎಂಪಿಎಸ್ ವಾರಂಟಿಯಲ್ಲಿ ಇಲ್ಲದಿದ್ದರೆ ಕಸದ ಗಾಡಿಗೆ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ. ಕೊಡುವ ಮುಂಚೆ ಅದರ ಪವರ್ ಕಾರ್ಡನ್ನು ಉಳಿಸಿಕೊಳ್ಳಿ. ಮುಂದಿನ ಸಲ 1ನೇ ಹಂತಕ್ಕೆ ಅದು ಬೇಕಾಗುತ್ತದೆ.